ಉಪ್ಪಿನಂಗಡಿ ಅಂಕಲ್

ಹುಟ್ಟೂರು ತಿಪಟೂರು, ಮನೆ ಡಲ್ಲಾಸ್ ಪಕ್ಕದ ಫ್ರಿಸ್ಕೊ. ಆದರೂ ಟೆಕ್ಸಾಸ್ ಕನ್ನಡಿಗರ ಬಾಯಲ್ಲಿ ಇವರು ಉಪ್ಪಿನಂಗಡಿ ಅಂಕಲ್. ಗಂಟಲು ಕೆರೆದರೆ ಉಪ್ಪುನೀರು, ಮಗುವಿಗೆ ದೃಷ್ಟಿಯಾದರೆ ಉಪ್ಪು ನಿವಾಳಿಸುವುದು, ಅಕ್ವೇರಿಯಂ ಮೀನು ಮೂಲೆ ಹಿಡಿದರೆ ಅದಕ್ಕೂ ಉಪ್ಪು.

ಹ್ಯೂಸ್ಟನ್ ಹತ್ತಿರದ ಕೇಟಿಯಿಂದ ಫೋನು ಬರುತ್ತದೆ: “ಅಂಕಲ್, ನೀರು ಬದಲಾಯಿಸಿದೆ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ.”

“ಉಪ್ಪು ಹಾಕಮ್ಮ.”

ಆಸ್ಟಿನ್‌ನಿಂದ ಇನ್ನೊಬ್ಬರು: “ಗಾಜಿನ ಮೇಲೆ ಬಿಳಿ ಕಲೆ ಕೂತಿದೆ ಸಾರ್.”

“ಉಪ್ಪು ಹಾಕ್ರಿ.”

ಟೆಕ್ಸಾಸ್‌ನ ಹಲವು ಊರುಗಳಲ್ಲಿ ನಲ್ಲಿ ನೀರಿಗೆ ಕ್ಲೋರಮೈನ್ ಬೆರೆಸುತ್ತಾರೆ. ಅದಕ್ಕೆ ಬೇಕಾದದ್ದು ನೀರಿನ ಕಂಡೀಷನರ್. ಬಿಳಿ ಕಲೆ ಗಡಸು ನೀರಿನ ಸುಣ್ಣ; ಅದಕ್ಕೆ ಉಪ್ಪು ಸುರಿದು ಪ್ರಯೋಜನವಿಲ್ಲ. ಇದನ್ನೆಲ್ಲ ಅಂಕಲ್‌ಗೆ ಹೇಳುವವರು ಯಾರು?

ಹಾಗಂತ ಅವರ ವೈದ್ಯ ಪೂರ್ತಿ ಸುಳ್ಳೂ ಅಲ್ಲ. ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗಕ್ಕೆ ಉಪ್ಪು ಆಗಿಬರುತ್ತದೆ. ನೀರಲ್ಲಿ ನೈಟ್ರೈಟ್ ಏರಿದಾಗ, ಅದು ಕಿವಿರಿನ ಮೂಲಕ ಒಳಗೆ ಹೋಗದಂತೆ ಉಪ್ಪಿನ ಕ್ಲೋರೈಡ್ ಅಡ್ಡ ನಿಲ್ಲುತ್ತದೆ. ಹೀಗೆ ಯಾವತ್ತೋ ನಾಲ್ಕು ಮೀನು ಬದುಕಿದ್ದೇ ಅಂಕಲ್‌ಗೆ ಸಿಕ್ಕ ಡಾಕ್ಟರೇಟು.

ತೊಂದರೆಯಾಗುವುದು ಗಿಡಗಳಿಗೆ. 5 ಗ್ಯಾಲನ್‌ಗೆ 1 ದೊಡ್ಡ ಚಮಚ ಎಂಬುದು ರೂಢಿಯ ಅಳತೆ. ಅಂಕಲ್ ಮಾತ್ರ ಸಾರಿಗೆ ಹಾಕುವ ಹಾಗೆ ಕಣ್ಣಂದಾಜಿನಲ್ಲೇ ಹಾಕುತ್ತಾರೆ. ತಮ್ಮ ಮನೆಯ ತೊಟ್ಟಿಯ ನೀರು ಆರಿ ಕೆಳಗಿಳಿದಾಗ ಹೊಸ ನೀರಿನ ಜೊತೆ ಇನ್ನೊಂದು ಹಿಡಿ. “ಅಂಕಲ್, ಆವಿಯಾಗೋದು ನೀರು. ಉಪ್ಪು ಅಲ್ಲೇ ಇರುತ್ತಲ್ವಾ?” ಎಂದರೆ, “ನಾನು ಕೆಮಿಕಲ್ ಎಂಜಿನಿಯರ್ ಕಣಯ್ಯಾ” ಎಂದು ಬಾಯಿ ಮುಚ್ಚಿಸುತ್ತಾರೆ. ಉಪ್ಪು ಅತಿಯಾದರೆ ಗಿಡ ನೀರೊಳಗಿದ್ದೂ ನೀರು ಹೀರಲಾರದೆ ಸೊರಗುತ್ತದೆ. ಅಲ್ಲಿದ್ದ ಕಬೊಂಬಾ ಗಿಡ ಮೊದಲು ಎಲೆ ಉದುರಿಸಿತು, ಆಮೇಲೆ ಕಾಂಡವೂ ಲೋಳೆಯಾಗಿ ಫಿಲ್ಟರ್ ಸೇರಿತು.

“ಬಿಪಿ ಅಂತ ಡಾಕ್ಟರು ಇವರಿಗೆ ಉಪ್ಪು ಬಿಡಿಸಿದಾರೆ. ಆ ಆಸೇನೆಲ್ಲ ಮೀನಿನ ಮೇಲೆ ತೀರಿಸ್ಕೋತಿದಾರೆ” ಎನ್ನುತ್ತಾರೆ ಆಂಟಿ.

ಈಗ ತೊಟ್ಟಿಯಲ್ಲಿ ಉಳಿದಿರುವುದು ಜಾವಾ ಫರ್ನ್ ಮತ್ತು ವ್ಯಾಲಿಸ್ನೇರಿಯಾ. ಎರಡೂ ಸ್ವಲ್ಪ ಉಪ್ಪು ತಡೆದುಕೊಳ್ಳುವ ಜಾತಿ. ಮನೆಗೆ ಬಂದವರನ್ನೆಲ್ಲ ಅಂಕಲ್ ಅದರ ಮುಂದೆ ನಿಲ್ಲಿಸುತ್ತಾರೆ. “ನೋಡಿ, ಉಪ್ಪು ಹಾಕಿದ್ದಕ್ಕೇ ಹೆಂಗೆ ಬೆಳೆದಿದೆ!”

“ಬೇರೆ ಗಿಡ ಯಾಕಿಲ್ಲ ಅಂಕಲ್?”

“ಅವಕ್ಕೆ ಈ ಊರ ನೀರು ಆಗಿಬರಲ್ಲಪ್ಪ.”