ನೆಬ್ಬೂರಿನಿಂದ ಮಾಸ್ಕೋವರೆಗೂ ನೆಂಟರು

ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದ ಇಬ್ಬರು ಒಂದೇ ಬೆಂಚಿನ ಮೇಲೆ ಕೂತರೆ, ಸಿದ್ದಾಪುರದ ಬಸ್ಸು ಬರುವಷ್ಟರೊಳಗೆ ನೆಂಟರಾಗಿಯೇ ಏಳುತ್ತಾರೆ. ‘ಯಾವೂರಾತು?’ ಎಂದು ಶುರುವಾದ ಮಾತು ‘ಅಲ್ಲಿ ಯಾರ ಮನೆ?’, ‘ಮೇಲಿನಮನೆಯೋ ಕೆಳಗಿನಮನೆಯೋ?’, ‘ಆಯಿ ತವರುಮನೆ ಎಲ್ಲಾತು?’ ಎಂದು ಸಾಗಿ, ‘ಹಾಂಗಾದ್ರೆ ನೀವು ನಮ್ಮ ಭಾವನ ಚಿಕ್ಕಮ್ಮನ ಮೈದುನ!’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬಸ್ಸು ತಡವಾದರೆ ಇನ್ನೊಂದು ದಾರಿಯಿಂದಲೂ ನೆಂಟಸ್ತನ ಸಿಗುತ್ತದೆ.

ಈ ವಿದ್ಯೆಯಲ್ಲಿ ನಾನು ಶುದ್ಧ ದಡ್ಡ. ಮದುವೆಮನೆಯ ಪಂಕ್ತಿಯಲ್ಲಿ ಹೆಂಡತಿಯ ಸೋದರಮಾವನೇ ಬಂದು ಪಕ್ಕದಲ್ಲಿ ಕೂತರೂ ಅವರು ಯಾರೆಂದು ನನಗೆ ಹೊಳೆಯುವುದು ಹೋಳಿಗೆ ಎರಡನೆಯ ಸಲ ಬಂದಾಗ. ಆದರೆ ಅದೇ ಪಂಕ್ತಿಯಲ್ಲಿ ಯಾರಾದರೂ ಬಾಯಿತಪ್ಪಿ ಹಾಸಣಗಿ ಗಣಪತಿ ಭಟ್ಟರ ಗುರುಗಳ ಸುದ್ದಿ ಎತ್ತಿದರೋ, ಮುಗಿಯಿತು. ಬಸವರಾಜ ರಾಜಗುರುಗಳಿಂದ ಹೊರಟು ಗದಗಿನ ಪುಣ್ಯಾಶ್ರಮದಲ್ಲಿ ಇಳಿದು, ಮಿರಜಿಗೆ ಹೋಗಿ, ಕುಂದಗೋಳಕ್ಕೆ ವಾಪಸಾಗುವ ಹೊತ್ತಿಗೆ ಪಂಕ್ತಿಯವರೆಲ್ಲ ಕೈತೊಳೆದು ಎಲೆ ಅಡಕೆ ಹಾಕುತ್ತಿರುತ್ತಾರೆ. ನನ್ನ ಎಲೆಯ ಮೇಲೆ ಸಾರನ್ನ ಒಣಗಿರುತ್ತದೆ.

ನನಗೆ ಸಂಗೀತದ ಹುಚ್ಚು ಎಂದು ಊರವರು ನಂಬಿದ್ದಾರೆ. ನಂಬಿಕೆ ಕೆಡಿಸುವುದು ಪಾಪ ಎಂದು ನಾನೂ ಸುಮ್ಮನಿದ್ದೇನೆ. ನಿಜ ಹೇಳಬೇಕೆಂದರೆ ಬೈಠಕ್ಕಿಗೆ ಹೋದರೆ ನಾನು ಕೇಳುವುದು ತಂಬೂರಿ ಶ್ರುತಿ ಸೇರುವ ತನಕ ಮಾತ್ರ. ಆಮೇಲೆ ತಬಲಾಕ್ಕೆ ಕೂತವರು ಯಾರ ಶಿಷ್ಯರು, ಹಾರ್ಮೋನಿಯಂನವರು ಹೋದ ವರ್ಷ ಯಾರ ಜೊತೆಗಿದ್ದರು, ಹಿಂದೆ ತಂಬೂರಿ ಹಿಡಿದ ಮಾಣಿ ಯಾರ ಪೈಕಿ ಎಂಬ ತನಿಖೆ ಶುರು. ಹಾಡಿದ ರಾಗ ಯಾವುದು ಎಂದು ಮನೆಯಲ್ಲಿ ಕೇಳಿದರೆ ನನಗೆ ಗೊತ್ತಿರುವುದಿಲ್ಲ. ಯಾರಾದರೂ ಹಾಡುತ್ತಿದ್ದರೆ ನನಗೆ ಯೋಚಿಸಲು ಅನುಕೂಲ, ಅಷ್ಟೆ.

ಇದಕ್ಕೆ ನಮ್ಮ ಕಲಾವಿದರ ಹೆಸರುಗಳೂ ಅರ್ಧ ಕಾರಣ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕಿನಲ್ಲಿ ‘ಹೆಗಡೇರೇ’ ಎಂದು ಕೂಗಿದರೆ ಅರ್ಧ ಸಭೆ ತಿರುಗುತ್ತದೆ, ‘ಭಟ್ರೇ’ ಎಂದರೆ ಉಳಿದರ್ಧ. ಆದ್ದರಿಂದ ಹೆಸರಿನ ಜೊತೆಗೆ ಊರು ಬೇಕೇ ಬೇಕು. ಯಲ್ಲಾಪುರ ಸೀಮೆಯ ಹಾಸಣಗಿ, ಶ್ರೀಪಾದ ಹೆಗಡೆಯವರ ಕಂಪ್ಲಿ, ಕೇಶವ ಹೆಗಡೆಯವರ ಕೊಳಗಿ, ನಾರಾಯಣ ಭಾಗವತರ ನೆಬ್ಬೂರು, ಮಂಜುನಾಥ ಭಾಗವತರ ಹೊಸ್ತೋಟ ಎಂದು ಯಕ್ಷಗಾನದ ಆಟದ, ಬೈಠಕ್ಕಿನ ಹ್ಯಾಂಡ್‌ಬಿಲ್ಲು ಓದಿದರೆ ಬಸ್ಸಿನ ಬೋರ್ಡು ಓದಿದ ಹಾಗಿರುತ್ತದೆ. ಊರು ಕಂಡ ಮೇಲೆ ‘ಅಲ್ಲಿ ಯಾರ ಮನೆ?’ ಎಂದು ಕೇಳದೆ ಇರುವುದು ನಮ್ಮ ರಕ್ತದಲ್ಲಿಲ್ಲ. ನಾನು ಮನೆ ಬಿಟ್ಟು ಗುರುವನ್ನು ಕೇಳುತ್ತೇನೆ, ವ್ಯತ್ಯಾಸ ಅಷ್ಟೇ.

ಹೋದ ಕೊಯ್ಲಿನಲ್ಲಿ ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಲ್ಲಿ ಅಡಕೆ ಸುಲಿಯುತ್ತ ಕೂತಿದ್ದೆವು. ಆಯಿ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತರೆ, ಮಾತಾಡುತ್ತಲೇ ಅಡಕೆಗೆ ಎರಡು ಏಟು, ಸಿಪ್ಪೆ ಆಚೆ, ಬೇಳೆ ಬುಟ್ಟಿಗೆ. ನನ್ನ ಬುಟ್ಟಿಯ ತಳ ಇನ್ನೂ ಕಾಣುತ್ತಿತ್ತು. ಸುಲಿಯುವ ಕೈಗಳಿಗೆ ಹುರುಪು ಬರಲಿ ಎಂದು ಮೊಬೈಲಿನಲ್ಲಿ ಗಣಪತಿ ಭಟ್ಟರನ್ನು ಹಾಕಿದೆ.

‘ಚೊಲೋ ಹಾಡ್ತ. ಯಾರ ಪೈಕಿ?’ ಎಂದಳು ಆಯಿ.

ಇಂಥ ಪ್ರಶ್ನೆಗಾಗಿಯೇ ನಾನು ಬದುಕಿರುವುದು. ಕತ್ತಿ ಬಿಟ್ಟು ಸರಿಯಾಗಿ ಕೂತೆ. ಆಯಿಗೆ ಘರಾಣೆ, ಪರಂಪರೆ ಎಂದರೆ ಹಿಡಿಸುವುದಿಲ್ಲ. ಅವಳ ಭಾಷೆಯಲ್ಲೇ ಹೇಳಬೇಕು. ‘ನೋಡು ಆಯಿ, ಗುರು ಅಂದ್ರೆ ಅಪ್ಪ. ಒಂದೇ ಗುರುವಿನ ಹತ್ರ ಕಲಿತವರು ಅಣ್ಣ ತಮ್ಮ, ಅಕ್ಕ ತಂಗಿ. ಇದು ಶಾಸ್ತ್ರ’ ಎಂದು ಮೊದಲೇ ಕಟ್ಟು ಹಾಕಿದೆ. ‘ಗಣಪತಿ ಭಟ್ಟರ ಅಪ್ಪ ಬಸವರಾಜ ರಾಜಗುರು. ಕಂಪ್ಲಿ ಶ್ರೀಪಾದ ಹೆಗಡೆ, ಪರಮೇಶ್ವರ ಹೆಗಡೆ ಅವರೂ ರಾಜಗುರುಗಳ ಶಿಷ್ಯರೇ, ಅಂದ್ಮೇಲೆ ಒಡಹುಟ್ಟಿದವರು. ರಾಜಗುರುಗಳು ಗದಗಿನ ಪಂಚಾಕ್ಷರಿ ಗವಾಯಿಗಳ ಹತ್ರ ಕಲಿತವರು. ಪುಟ್ಟರಾಜ ಗವಾಯಿಗಳೂ ಅವರ ಶಿಷ್ಯರು, ಅವರು 1914ರಲ್ಲಿ ಹುಟ್ಟಿದ್ದು, ರಾಜಗುರು ಅದಾದ ಮೇಲೆ. ಹಾಗಾಗಿ ದೊಡ್ಡಪ್ಪ. ಪಂಚಾಕ್ಷರಿ ಗವಾಯಿಗಳು ನೀಲಕಂಠಬುವಾ ಮಿರಜಕರರ ಶಿಷ್ಯರು, ಮಲ್ಲಿಕಾರ್ಜುನ ಮನ್ಸೂರರೂ ಹಿಂದೂಸ್ತಾನಿ ಮೊದಲು ಕಲಿತಿದ್ದು ಅವರ ಹತ್ರವೇ. ಹಾಗಾಗಿ ಮನ್ಸೂರರು ಸಣ್ಣಜ್ಜ.’

ಆಯಿಯ ಕತ್ತಿ ನಿಧಾನವಾಯಿತು. ಅವಳಿಗೆ ರುಚಿ ಹತ್ತಿದ್ದು ಗೊತ್ತಾಯಿತು.

‘ಇನ್ನೊಂದು ಕಡೆಯಿಂದ ನೋಡು. ರಾಜಗುರುಗಳು ಕುಂದಗೋಳದ ಸವಾಯಿ ಗಂಧರ್ವರ ಹತ್ರವೂ ಕಲಿತವರು. ಅಲ್ಲಿ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇದ್ದರು. ಜೋಶಿಯವರು 1922ರವರು, ಚಿಕ್ಕಪ್ಪ. ಗಂಗೂಬಾಯಿ ಅತ್ತೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು. ಅವರು ಮುತ್ತಜ್ಜ.’

‘ಅವು ಇದ್ವ?’

‘ಇಲ್ಲ ಆಯಿ, 1937ರಲ್ಲೇ ಹೋದರು.’

‘ಹಾಂಗಾರೆ ಸೂತಕ ಕಳದ್ದು’ ಎಂದು ಆಯಿ ನಿರುಮ್ಮಳವಾಗಿ ಮುಂದಿನ ಅಡಕೆ ಎತ್ತಿಕೊಂಡಳು.

ಈ ವಂಶವೃಕ್ಷವನ್ನು ಆವತ್ತೇ ಬರೆದಿಡಬೇಕು ಅನಿಸಿತು. ಅಷ್ಟು ದೊಡ್ಡ ಹಾಳೆ ಮನೆಯಲ್ಲಿ ಇದ್ದದ್ದು ಗೋಡೆಯ ಕ್ಯಾಲೆಂಡರಿನ ಹಿಂಬದಿ ಒಂದೇ. ಖಾನರಿಂದ ಶುರುಮಾಡಿ, ಎಡಕ್ಕೆ ಮಿರಜ್, ಬಲಕ್ಕೆ ಕುಂದಗೋಳ, ನಡುವೆ ರಾಜಗುರು ಎಂದು ಗೆರೆ ಎಳೆದು, ನೋಡಲು ಚೆಂದ ಕಂಡಿತೆಂದು ಅದೇ ಮೊಳೆಗೆ ತಿರುಗಿಸಿ ನೇತುಹಾಕಿದೆ. ಆ ತಿಂಗಳು ಗೋಡೆಗೆ ಮುಖ ಮಾಡಿಕೊಂಡಿತು. ಅದರಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬುಕ್ ಮಾಡಿದ ತಾರೀಕು, ಏಕಾದಶಿ, ಅಡಕೆ ಕೊನೆ ಕೊಯ್ಯುವ ಕೊನೆಗೌಡ ಬರುತ್ತೇನೆಂದ ದಿನ ಎಲ್ಲವೂ ಇದ್ದವು. ಗ್ಯಾಸ್ ಮುಗಿದ ಬೆಳಗ್ಗೆ ಹೆಂಡತಿ ಕ್ಯಾಲೆಂಡರಿನ ಮುಂದೆ ನಿಂತು ಬಹಳ ಹೊತ್ತು ಓದಿದಳು. ‘ಇದ್ರಲ್ಲಿ ಸಿಲಿಂಡರ್ ತರವು ಯಾರ ಶಿಷ್ಯರು?’ ಎಂದು ಕೇಳಿ ಒಲೆಗೆ ಸೌದೆ ಒಟ್ಟಲು ಹೋದಳು.

ಅದೇ ದಿನ ಕೊನೆಗೌಡನೂ ಬಂದ. ಕ್ಯಾಲೆಂಡರ್ ನೋಡಿದ್ದರೆ ನನಗೆ ಗೊತ್ತಿರುತ್ತಿತ್ತು. ಗಡಿಬಿಡಿಯಲ್ಲಿ ತೋಟಕ್ಕೆ ಓಡಿ ಕೆಳಗೆ ಹಗ್ಗ ಹಿಡಿದು ನಿಂತೆ. ಮೇಲಿಂದ ಕೊನೆ ಹಗ್ಗದ ಗುಂಟ ಜಾರಿ ಬರುವಾಗ ಕಣ್ಣು ಅಲ್ಲೇ ಇರಬೇಕು. ನನ್ನ ಕಣ್ಣಿತ್ತು, ಬಾಯಿ ಮಾತ್ರ ಬೇರೆ ಕಡೆಗಿತ್ತು. ಅವನೂ ಆಟದ ಹುಚ್ಚಿನವನೇ. ‘ಕಾಳಿಂಗ ನಾವಡರು ಉಪ್ಪೂರು ನಾರಾಯಣ ಭಾಗವತರ ಶಿಷ್ಯರಲ್ವನಾ?’ ಎಂದು ಕೂಗಿದೆ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ಹೋದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಆ ವಯಸ್ಸಿಗೆ ಪದ್ಯ ಹೇಳಿದ್ದಲ್ಲದೆ ‘ನಾಗಶ್ರೀ’ ಪ್ರಸಂಗವನ್ನೂ ಬರೆದಿಟ್ಟವರು. ಅವರ ಹೆಸರೆತ್ತಿದರೆ ಘಟ್ಟದ ಮೇಲೂ ಕೆಳಗೂ ಈಗಲೂ ಮಾತು ನಿಲ್ಲುವುದಿಲ್ಲ.

ಮರದ ತುದಿಯಿಂದ ಉತ್ತರ ಬಂತು: ‘ಹೌದ್ರಾ ಹೆಗಡೇರೇ. ಧಾರೇಶ್ವರ ಭಾಗವತ್ರೂ ಅವ್ರ ಶಿಷ್ಯರೇಯಾ. ಅವ್ರು ಮೇಳಕ್ಕೆ ಬಂದದ್ದು ಲೈಟ್ ಹಾಕೂಕೆ, ಗೊತ್ತಿತ್ತಾ ನಿಮ್ಗೆ?’

ಗೊತ್ತಿತ್ತು. ಸುಬ್ರಹ್ಮಣ್ಯ ಧಾರೇಶ್ವರರು ಅಮೃತೇಶ್ವರಿ ಮೇಳಕ್ಕೆ ಕರೆಂಟಿನ ಕೆಲಸಕ್ಕೆ ಸೇರಿ, ಉಪ್ಪೂರರ ಕೈಗೆ ಸಿಕ್ಕಿ ಭಾಗವತರಾದವರು. ಆಮೇಲೆ ಪೆರ್ಡೂರು ಮೇಳದಲ್ಲಿ ವರ್ಷಗಟ್ಟಲೆ ರಂಗ ಆಳಿ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆದರೆ ಇದನ್ನು ಮರದ ಮೇಲಿರುವವನು ನನಗಿಂತ ಮೊದಲು ಹೇಳಿಬಿಟ್ಟನಲ್ಲ ಎಂಬ ಸಂಕಟದಲ್ಲಿ ಹಗ್ಗ ಸಡಿಲಾಯಿತು. ಉಳಿದದ್ದನ್ನು ವಿವರಿಸುವುದಿಲ್ಲ. ಹೆಗಲಿಗೆ ಹೆಂಡತಿ ಎಣ್ಣೆ ತಿಕ್ಕುವಾಗ ‘ಈ ನೋವು ಯಾವ ಘರಾಣೆಯದು?’ ಎಂದು ವಿಚಾರಿಸಿದಳು ಎಂದಷ್ಟೇ ಹೇಳಬಲ್ಲೆ.

ಹೆಗಲು ಹಿಡಿದಿದ್ದರಿಂದ ಒಂದು ವಾರ ತೋಟದ ಕೆಲಸವಿಲ್ಲ. ಇಂಥ ರಜೆಯಲ್ಲೇ ದೊಡ್ಡ ಸಂಶೋಧನೆಗಳು ಆಗುವುದು. ನೆಬ್ಬೂರು ನಾರಾಯಣ ಭಾಗವತರು ನಮ್ಮ ಶಿರಸಿ ಸೀಮೆಯವರು. ಅವರು ಪದ್ಯ ಹೇಳಿದ್ದು ಕೆರೆಮನೆಯವರ ಇಡಗುಂಜಿ ಮೇಳದಲ್ಲಿ. 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಮೇಳ ಅದು. ಅವರ ಮಗ ಶಂಭು ಹೆಗಡೆಯವರು ದಿಲ್ಲಿಗೆ ಹೋಗಿ ಮಾಯಾ ರಾವ್ ಅವರ ಹತ್ತಿರ ನೃತ್ಯ ಸಂಯೋಜನೆ ಕಲಿತು ಬಂದರು. ಮಾಯಾ ರಾವ್ ಕಥಕ್ ಕಲಿತದ್ದು ಶಂಭು ಮಹಾರಾಜರಲ್ಲಿ, ನೃತ್ಯ ಸಂಯೋಜನೆ ಕಲಿತದ್ದು ಮಾಸ್ಕೋದಲ್ಲಿ. ಅಂದರೆ ನೆಬ್ಬೂರರು ತಾಳ ಹಿಡಿದು ಕೂತಲ್ಲಿಂದ ಶಂಭು ಹೆಗಡೆ ಒಂದು, ಮಾಯಾ ರಾವ್ ಎರಡು, ಮೂರಕ್ಕೆ ಮಾಸ್ಕೋ! ಶಿರಸಿಯಿಂದ ಹುಬ್ಬಳ್ಳಿಗೆ ಹೋಗಲಿಕ್ಕೆ ಇದಕ್ಕಿಂತ ಹೆಚ್ಚು ನಿಲ್ದಾಣ ದಾಟಬೇಕು.

ಈ ಸಂತೋಷ ತಡೆಯದೆ ಒಳಗೆ ಹೋಗಿ ಹೇಳಿದೆ. ಹೆಂಡತಿ ದೋಸೆಗೆ ರುಬ್ಬುತ್ತಿದ್ದಳು. ‘ಮಾಸ್ಕೋದವು ನಿಂಗಕ್ಕೆ ನೆಂಟರಾದ್ರೆ ನಂಗೂ ನೆಂಟರೇಯ. ಈ ವರ್ಷ ಅಡಕೆ ಸುಲಿಯಲೆ ಅವರನ್ನೇ ಕರೆಸಿ’ ಎಂದಳು.

ಮಗನಿಗೆ ಇದೆಲ್ಲ ತಟ್ಟದು ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಕೆಲಸ, ಕಿವಿಯಲ್ಲಿ ಸದಾ ಹೆಡ್‌ಫೋನು, ರಾಕ್ ಬ್ಯಾಂಡಿನ ಹಾಡು. ದೊಡ್ಡಹಬ್ಬಕ್ಕೆ ಬಂದವನು ಗೋಪೂಜೆ ಮುಗಿಸಿ ಜಗುಲಿಯಲ್ಲಿ ಮಲಗಿದ್ದ. ‘ಅದರಲ್ಲಿ ಗುರು ಇಲ್ಲ, ಪರಂಪರೆ ಇಲ್ಲ’ ಎಂದು ಸುಮ್ಮನೆ ಕೆಣಕಿದೆ. ಮಾಣಿ ಎದ್ದು ಕೂತ. ಆಮೇಲಿನ ಅರ್ಧ ಗಂಟೆ ನಾನು ಬಾಯಿ ತೆರೆಯಲಿಲ್ಲ. ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್, ರಘು ದೀಕ್ಷಿತ್ ಅವರ ತಮ್ಮ. ಮೈಸೂರಿನ ರಘು ದೀಕ್ಷಿತ್ ಗಿಟಾರ್ ಹಿಡಿಯುವ ಮೊದಲು ವರ್ಷಗಟ್ಟಲೆ ಭರತನಾಟ್ಯ ಕಲಿತವರು. ಅವರ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಹಾಡಿದೆ. ಯಾವ ಬ್ಯಾಂಡಿನ ಡ್ರಮ್ಮರ್ ಯಾವಾಗ ಯಾವ ಬ್ಯಾಂಡಿಗೆ ಹೋದ, ಯಾರ ಮುನಿಸಿನಿಂದ ಯಾವ ಬ್ಯಾಂಡು ಹುಟ್ಟಿತು ಎಂದು ಅವನು ಹೇಳುತ್ತ ಹೋದಂತೆ, ಮಳೆಗಾಲ ಮುಗಿದು ಮೇಳಗಳು ಹೊಸ ಹ್ಯಾಂಡ್‌ಬಿಲ್ಲು ಹೊರಡಿಸಿದಾಗ ಯಾವ ಭಾಗವತರು ಯಾವ ಮೇಳಕ್ಕೆ, ಯಾವ ಮದ್ದಲೆಯವರು ಯಾರ ಬೆನ್ನಿಗೆ ಎಂದು ಓದಿ ನಿದ್ದೆಗೆಡುವ ನನ್ನನ್ನೇ ಕಂಡ ಹಾಗಾಯಿತು. ನನ್ನ ಆಸ್ತಿಯಲ್ಲಿ ತೋಟ ಬೇಡ ಎಂದವನು, ಕಾಯಿಲೆಯನ್ನು ಮಾತ್ರ ಪೂರ್ತಿ ಬರೆಸಿಕೊಂಡಿದ್ದ.

ಆಯಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ‘ತಮಾ, ಆ ಷರೀಫರ ಗುರು ಯಾರು?’

‘ಕಳಸದ ಗೋವಿಂದ ಭಟ್ರು ಅಮ್ಮಮ್ಮಾ.’

‘ಭಟ್ರ?’ ಆಯಿಯ ಮುಖ ಅರಳಿತು. ‘ಯಾರ ಮನೆ ಭಟ್ರು?’

ಹೀಗೆ ನಮ್ಮ ಮನೆಯ ಖ್ಯಾತಿ ಊರಿಡೀ ಹಬ್ಬಿತು. ಮನೆಯಲ್ಲಿ ಮೂರು ತಲೆಮಾರು ಕೂತು ಸಂಬಂಧ ಹುಡುಕುತ್ತಾರಂತೆ ಎಂಬ ಸುದ್ದಿ ಹೋಗುತ್ತ ಹೋಗುತ್ತ ಸ್ವಲ್ಪ ಬದಲಾಗಿ, ಒಂದು ಸಂಜೆ ಹೆಂಡತಿಯ ಸೋದರಮಾವ, ಹೋಳಿಗೆ ಎರಡನೆಯ ಸಲ ಬಂದಾಗ ನೆನಪಾಗುವ ಅವರೇ, ತಮ್ಮ ಮಗನ ಜಾತಕ ಹಿಡಿದು ಬಂದರು. ತೋಟ ನೋಡಿಕೊಂಡು ಊರಲ್ಲೇ ಉಳಿದ ಮಾಣಿಗಳಿಗೆ ನಮ್ಮ ಕಡೆ ಹೆಣ್ಣು ಸಿಗುವ ಕಷ್ಟ ಎಲ್ಲರಿಗೂ ಗೊತ್ತು. ಮಾವನ ಮಗನಿಗೆ ಮೂವತ್ತೈದು ದಾಟಿತ್ತು. ಯಲ್ಲಾಪುರದ ಕಡೆಯ ಒಂದು ಮನೆಯವರು ಅಪರೂಪಕ್ಕೆ ‘ನೋಡನ’ ಎಂದಿದ್ದರಂತೆ. ಜಾತಕ ಕೂಡಿ ಬಂದಿತ್ತು, ಹುಡುಗಿಯೂ ಒಪ್ಪುವ ಹಾಗಿದ್ದಳು. ಎರಡು ಮನೆಗೂ ಹಳೆಯ ಪರಿಚಯ ಏನಾದರೂ ಇದ್ದರೆ ಮಾತು ಮುಂದುವರಿಸಲು ಸುಲಭ, ಅದನ್ನು ಹುಡುಕಿಕೊಡು ಎಂದರು.

ಜೀವನದಲ್ಲಿ ಮೊದಲ ಸಲ ನನ್ನ ವಿದ್ಯೆ ಮನೆಗೆ ಉಪಯೋಗಕ್ಕೆ ಬರುವ ಗಳಿಗೆ. ಹುಡುಗಿಯ ಅಪ್ಪನ ಊರು ಕೇಳಿದೆ, ಅವರು ಮಳೆಗಾಲದಲ್ಲಿ ತಾಳಮದ್ದಲೆಯಲ್ಲಿ ಪದ್ಯ ಹೇಳುತ್ತಾರೆ ಎಂಬುದು ಗೊತ್ತಾಯಿತು. ಯಾರ ಹತ್ತಿರ ಕಲಿತದ್ದು ಎಂದು ನಾಲ್ಕು ಫೋನು ಮಾಡಿದೆ. ಐದನೆಯದಕ್ಕೆ ಸಿಕ್ಕೇ ಬಿಟ್ಟಿತು! ‘ಮಾವಾ, ಇನ್ನು ಚಿಂತೆ ಇಲ್ಲ. ಹುಡುಗಿಯ ಅಪ್ಪ ಮತ್ತೆ ನೀವು ಒಂದೇ ಭಾಗವತರ ಹತ್ರ ಪದ್ಯ ಕಲಿತವರು. ಗುರುಬಂಧುಗಳು!’

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಹೆಂಡತಿ ಸಕ್ಕರೆ ಡಬ್ಬಿ ಕೈಗೆತ್ತಿಕೊಂಡಳು. ಆಯಿ ಮಾತ್ರ ಕೂತಲ್ಲೇ ಕೂತು ಬೆರಳು ಮಡಚಿ ಲೆಕ್ಕ ಹಾಕಿದಳು.

‘ಗುರು ಅಂದ್ರೆ ಅಪ್ಪ. ಒಂದೇ ಗುರುವಿನ ಹತ್ರ ಕಲಿತವು ಅಣ್ಣ ತಮ್ಮ. ನೀನೇ ಹೇಳಿದ್ದಲ, ಶಾಸ್ತ್ರ ಹೇಳಿ. ಹಾಂಗಾರೆ ಇವರ ಮಕ್ಕ ಅಣ್ಣ ತಂಗಿ ಆತಲ. ಬೇಡ, ಈ ಸಂಬಂಧ ಆಗ್ತಿಲ್ಲೆ.’

ಮನೆ ಸ್ತಬ್ಧವಾಯಿತು. ನಾನು ಘರಾಣೆಗೂ ಗೋತ್ರಕ್ಕೂ ಇರುವ ಅಂತರ ವಿವರಿಸಲು ಹೋದೆ. ಮಾವ ನನ್ನನ್ನು ತಡೆದು, ಸೋಲೊಪ್ಪದ ದನಿಯಲ್ಲಿ, ‘ಹೋಗಲಿ, ಆ ಭಾಗವತರ ಮೊಮ್ಮಗಳು ಒಬ್ಬಳಿದ್ದಾಳೆ, ಅದನ್ನಾದರೂ ನೋಡು’ ಎಂದರು.

‘ಕಚ ದೇವಯಾನಿ ಆಟ ನೋಡಿದ್ದಿಲ್ಯ? ಗುರುವಿನ ಮಗಳು ತಂಗಿ ಆಗ್ತು ಹೇಳಿ ಕಚನೇ ಬ್ಯಾಡ ಹೇಳಿದ್ನಲ. ಮೊಮ್ಮಗಳೂ ಅದೇ ಮನೆದೇಯ’ ಎಂದು ಆಯಿ ಆ ಬಾಗಿಲನ್ನೂ ಹಾಕಿದಳು.

ಹೆಂಡತಿ ಸಕ್ಕರೆ ಡಬ್ಬಿ ಒಳಗಿಟ್ಟು ಬಂದು ತೀರ್ಪು ಕೊಟ್ಟಳು: ‘ಮಾವಾ, ಇವರ ಮಾತು ಕೇಳಿದ್ರೆ ನಿಮ್ಮ ಮಾಣಿಗೆ ಮದುವೆ ಆಗ್ತಿಲ್ಲೆ. ಸಂಗೀತ, ಆಟ, ತಾಳಮದ್ದಲೆ ಯಾವುದರ ಗಂಧವೂ ಇಲ್ಲದ ಒಂದು ಮನೆ ನೋಡಿ.’

ಮಾವ ಜಾತಕ ಮಡಚಿ ಕಿಸೆಗಿಟ್ಟುಕೊಂಡು ಹೊರಟರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನಲ್ಲಿ ಅಂಥ ಮನೆಯೊಂದನ್ನು ಅವರು ಇನ್ನೂ ಹುಡುಕುತ್ತಿದ್ದಾರೆ.