ಹಿಣಿಲಿಲ್ಲದ ಗೂಳಿ

ನನ್ನ ಬಳಿ ಇರುವುದು ಮೂರು ಸಿಲಿಂಡರಿನ ಮಾರುತಿ 800. ಅಭಿಪ್ರಾಯಗಳು ಮಾತ್ರ ಹನ್ನೆರಡು ಸಿಲಿಂಡರಿನವು. ಫೆರಾರಿಯ ಸ್ಟೀರಿಂಗ್ ಹೀಗಿರಬೇಕಿತ್ತು, ಪೋರ್ಷೆ 911ರ ಎಂಜಿನ್ನು ಹಿಂದೆ ನೇತುಬಿದ್ದಿರುವುದೇ ಅದರ ಮಜಾ ಎಂದು, ಎರಡನ್ನೂ ಮುಟ್ಟಿ ಕೂಡ ನೋಡದ ನಾನು ಆಫೀಸಿನ ಕ್ಯಾಂಟೀನಿನಲ್ಲಿ ತೀರ್ಪು ಕೊಡುತ್ತಿರುತ್ತೇನೆ. ಮನೆಯಲ್ಲಿ ಇದಕ್ಕೆ ಕಿವಿಗೊಡುವವರಿಲ್ಲ. ಅದಕ್ಕೇ ಸಂಕ್ರಾಂತಿಗೆ ಹೆಂಡತಿಯ ತವರಿಗೆ ಹೊರಡುವುದೆಂದರೆ ನನಗೆ ಒಳಗೊಳಗೇ ಖುಷಿ. ಅಲ್ಲಿ ದೊಡ್ಡಮಾವ ಇದ್ದಾರೆ.

ತವರು ತಮಿಳುನಾಡಿನ ತೇಣಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈ. ಚಿನ್ನಮನೂರಿನ ಪಕ್ಕ, ಮುಲ್ಲೈ ಪೆರಿಯಾರಿನ ನೀರು ಕುಡಿದು ಬೆಳೆಯುವ ಗದ್ದೆ, ತೆಂಗು, ಬಾಳೆಗಳ ನಡುವಿನ ಊರು. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಒಕ್ಕಲು ಮನೆಗಳಿವೆ. ಆ ಕನ್ನಡ ತಮಿಳಿನ ರಾಗದಲ್ಲಿ ಬರುತ್ತದೆ. ನನ್ನ ಬೆಂಗಳೂರು ಕನ್ನಡ ಕೇಳಿ ದೊಡ್ಡಮಾವನಿಗೆ ನಗು, ಅವರದನ್ನು ಕೇಳಿ ನನಗೆ ನಗು. ಕಾರಿನ ವಿಷಯಕ್ಕೆ ಬಂದರೆ ಇಬ್ಬರೂ ಗಂಭೀರ.

ಕಳೆದ ಸಲ ಮೊಬೈಲಿನಲ್ಲಿ ಲ್ಯಾಂಬೊರ್ಗಿನಿ ತೋರಿಸಿದೆ. ಅವರು ಕಾರು ನೋಡಲಿಲ್ಲ, ಮೂತಿಯ ಮೇಲಿನ ಲಾಂಛನ ನೋಡಿದರು.

“ಗೂಳಿ ಚೆನ್ನಾಗಿದೆ ಮಾಪಿಳ್ಳೆ. ಹಿಣಿಲೆಲ್ಲಿ?”

ಇಟಲಿಯ ಗೂಳಿಗೆ ನಮ್ಮ ಹೋರಿಯ ಹಿಣಿಲು ಎಲ್ಲಿಂದ ಬರಬೇಕು? ಆ ಕಂಪನಿ ಕಟ್ಟಿದ ಫೆರುಚ್ಚೊ ಲ್ಯಾಂಬೊರ್ಗಿನಿಯದು ವೃಷಭ ರಾಶಿ, ಮಿಯುರಾ ಎಂಬ ಅವರ ಕಾರಿಗೆ ಸ್ಪೇನಿನ ಕಾಳಗದ ಗೂಳಿ ಸಾಕುವ ಮನೆತನದ ಹೆಸರು, 1963ರಲ್ಲಿ ಕಾರಿಗಿಳಿಯುವ ಮೊದಲು ಅವರು ಮಾಡುತ್ತಿದ್ದದ್ದು ಟ್ರ್ಯಾಕ್ಟರು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ದೊಡ್ಡಮಾವನ ಮುಖ ಅರಳಿದ್ದು ಟ್ರ್ಯಾಕ್ಟರಿಗೆ. “ಹಾಗಾದರೆ ನಮ್ಮವನೇ. ಬೆಲೆ?” ನಾಲ್ಕು ಕೋಟಿಯ ಮೇಲೆ ಎಂದೆ. ಹೋರಿಯ ವಯಸ್ಸು ಕೇಳುವಂತೆ “ಎಷ್ಟು ಹಲ್ಲು?” ಎಂದರು.

ಹಿಣಿಲಿನ ಬಗ್ಗೆ ಅವರು ಕೇಳಿದ್ದರಲ್ಲಿ ಹುರುಳಿತ್ತು. ಬೆಂಗಳೂರಿನಲ್ಲಿ ಅಂಥದೊಂದು ಕಾರು ರಸ್ತೆಯ ಉಬ್ಬು ಹತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಡ್ಡಡ್ಡ ತಿರುಗಿ, ಒಂದೊಂದೇ ಚಕ್ರ ಇಟ್ಟು, ಹೊಸ ಸೊಸೆ ಹೊಸ್ತಿಲು ದಾಟುವಂತೆ. ಹಿಂದೆ ಇಡೀ ಟ್ರಾಫಿಕ್ಕು ಹಾರ್ನು ಬಡಿಯುತ್ತಿತ್ತು. ಹಿಣಿಲಿಲ್ಲದ ಗೂಳಿ ರಸ್ತೆಯ ಹಿಣಿಲಿಗೆ ಹೆದರಿ ನಿಂತಿತ್ತು! ಆರುನೂರು ಅಶ್ವಶಕ್ತಿಯಲ್ಲಿ ಐನೂರ ತೊಂಬತ್ತು ಲಾಯದಲ್ಲೇ ಹುಲ್ಲು ಮೇಯುತ್ತಿರುತ್ತವೆ. ನನ್ನ ಮಾರುತಿಯ 37 ಕುದುರೆಗಳು ದಿನವೂ ಪೂರ್ತಿ ದುಡಿಯುತ್ತವೆ, ಪಾಪ.

ಮರುದಿನ ದೊಡ್ಡಮಾವ ನನ್ನನ್ನು ರೇಕ್ಲಾ ಎಂಬ ಎತ್ತಿನ ಗಾಡಿ ಪಂದ್ಯಕ್ಕೆ ಕರೆದೊಯ್ದರು. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ್ದ ಈ ಓಟ ಕಾನೂನು ತಿದ್ದುಪಡಿಯಿಂದ ಮರಳಿತು. 2023ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಮತ್ತು ನಮ್ಮ ಕಂಬಳದ ಜೊತೆಗೆ ಎತ್ತಿನ ಗಾಡಿ ಓಟಕ್ಕೂ ಕೋರ್ಟಿನ ಒಪ್ಪಿಗೆ ಬಿತ್ತು. ಎತ್ತಿನ ಗಾತ್ರ, ವಯಸ್ಸು ನೋಡಿ ದೊಡ್ಡದರಿಂದ ಚಿಕ್ಕದಕ್ಕೆ ವರ್ಗ ಮಾಡುತ್ತಾರೆ: ಪೆರಿಯ ಮಾಡು, ನಡು ಮಾಡು, ಕರಿಚ್ಚಾನ್, ಪೂಂಚಿಟ್ಟು, ತೇನ್‌ಚಿಟ್ಟು, ತಟ್ಟಾನ್‌ಚಿಟ್ಟು. ತೇನ್‌ಚಿಟ್ಟು ಎಂದರೆ ನಮ್ಮ ಸೂರಕ್ಕಿ. ಕಾರಿಗೆ ಜಿಟಿ, ಆರ್‌ಎಸ್ ಎಂದು ಅಕ್ಷರ ಅಂಟಿಸುವವರು ಇಲ್ಲಿ ಬಂದು ಹೆಸರಿಡುವುದನ್ನು ಕಲಿಯಬೇಕು.

ಗಾಡಿ ಎಂದರೆ ಎರಡು ಚಕ್ರ, ಮೂಕಿ, ಕೂರಲು ಅಂಗೈಯಗಲದ ಜಾಗ, ಅಷ್ಟೆ. ಹಗ್ಗ ಹಿಡಿದ ಸಾರಥಿಯೊಬ್ಬ, ಪಕ್ಕದಲ್ಲೇ ಓಡುತ್ತ ಹಾರಿ ಹತ್ತುವ ಜೊತೆಗಾರನೊಬ್ಬ. ಬಾವುಟ ಬಿತ್ತು. ಗೊರಸಿನ ಸದ್ದು ಮೊದಲು ಅಂಗಾಲಿಗೆ ಬಂತು, ಆಮೇಲೆ ಕಿವಿಗೆ. ಬೆನ್ನಟ್ಟಿದ ಬೈಕುಗಳ ಹೊಗೆ, ಧೂಳು. ಹೋದ ಗಾಡಿಗಳು ಗುರುತಿನ ಕಲ್ಲಿನ ಬಳಿ ತಿರುಗಿ ವಾಪಸು ಬರಬೇಕು. ಅಲ್ಲೇ ನಾನು ಬಾಯಿಬಿಟ್ಟು ನಿಂತದ್ದು. ಸಾರಥಿ ಹಗ್ಗ ಒಂದಿಷ್ಟೇ ಎಳೆದ. ಒಳಗಿನ ಎತ್ತು ಹೆಜ್ಜೆ ಕಿರಿದು ಮಾಡಿತು, ಹೊರಗಿನದು ಮೈ ಚಾಚಿ ಸುತ್ತು ಬಳಸಿತು, ಗಾಡಿ ನಿಂತಲ್ಲೇ ತಿರುಗಿದಂತಾಯಿತು. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಹೆಚ್ಚು ಬಲ ಕಳಿಸಲು ದುಬಾರಿ ಕಾರುಗಳಲ್ಲಿ ಕಂಪ್ಯೂಟರು ಕೂರಿಸಿರುತ್ತಾರೆ. ಮಜ್ದಾದವರು 1989ರಲ್ಲಿ ಎಂಎಕ್ಸ್-5 ಎಂಬ ಪುಟ್ಟ ಎರಡು ಸೀಟಿನ ಕಾರು ಮಾಡಿದಾಗ ಇಟ್ಟುಕೊಂಡ ಗುರಿ ‘ಜಿಂಬಾ ಇತ್ತಾಯ್’, ಕುದುರೆ ಮತ್ತು ಸವಾರ ಒಂದೇ ಮೈ ಆಗುವುದು. ಆ ಜಪಾನಿ ಎಂಜಿನಿಯರುಗಳು ಮಾರ್ಕಯನ್‌ಕೋಟ್ಟೈಗೆ ಒಂದು ಟಿಕೆಟ್ಟು ತೆಗೆಸಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಇಷ್ಟಾದ ಮೇಲೆ ನನ್ನ ಮಾನ ಉಳಿಯಬೇಕಲ್ಲ. ಚಿನ್ನಮನೂರಿನಿಂದ ಮೇಘಮಲೆಗೆ ಹತ್ತುವ ಘಾಟಿಯಲ್ಲಿ ಹದಿನೆಂಟು ಹೇರ್‌ಪಿನ್ ತಿರುವುಗಳಿವೆ, ಒಂದೊಂದಕ್ಕೂ ಹೂವಿನ ಹೆಸರು. ದೊಡ್ಡಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಎಸಿ ಹಾಕಿದರೆ ಮಾರುತಿ ಏರು ಹತ್ತದು, ಆರಿಸಿದೆ. ಪ್ರತಿ ಹೂವಿಗೂ ಸೆಕೆಂಡ್ ಗೇರಿನಿಂದ ಫಸ್ಟಿಗೆ ಇಳಿಸಿ, ಕಾಲು ಪೂರ್ತಿ ಒತ್ತಿ, ಹಲ್ಲು ಕಚ್ಚಿಕೊಂಡು ತಿರುಗಿಸುತ್ತಿದ್ದೆ. ಎಂಜಿನ್ನು ಕೂಗಿದ ಕೂಗಿಗೆ ಚಹಾ ತೋಟದ ಹೆಂಗಸರು ತಲೆಯೆತ್ತಿ ನೋಡಿದರು. ಸ್ಪೀಡೋಮೀಟರ್ ಮುಳ್ಳು ಮೂವತ್ತರ ಆಸುಪಾಸು. ನನಗಂತೂ ಮೊನಾಕೊದಲ್ಲಿದ್ದಂತಿತ್ತು.

ಮೇಲೆ ತಲುಪಿ ನಿಲ್ಲಿಸಿದಾಗ ರೇಡಿಯೇಟರಿನಿಂದ ಹಬೆ. ದೊಡ್ಡಮಾವ ಇಳಿದು ಕಾರನ್ನು ಒಂದು ಸುತ್ತು ಹಾಕಿದರು. ಬಿಸಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತೆಗೆದರು, ಡಿಕ್ಕಿಯ ಮೇಲೆ ಎರಡೇಟು ತಟ್ಟಿದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ನಿಂತಿದ್ದೆ.

“ತಟ್ಟಾನ್‌ಚಿಟ್ಟು,” ಎಂದರು. “ನೀರು ಕುಡಿಸು ಮೊದಲು.”