ವರ್ಗಾಗತರ ವಾರಾಂತ್ಯ ಸಂಚಾರ ಮೀಮಾಂಸೆ

ವರ್ಗವಾಗಿ ಬಂದ ಊರಿನಲ್ಲಿ ಭಾನುವಾರ ಏನು ಮಾಡಬೇಕೆಂದು ತೋಚದೆ ಕೈಗೊಳ್ಳುವ ಸಂಚಾರಕ್ಕೆ ವರ್ಗಾಗತ ಸಂಚಾರವೆಂದು ಹೆಸರು. ಅದನ್ನು ಕೈಗೊಳ್ಳುವವನೇ ವರ್ಗಾಗತ. ಅವನಿಗೆ ಮೂರು ಲಕ್ಷಣಗಳಿರಬೇಕು: ಆ ಊರಿನಲ್ಲಿ ಸ್ವಂತ ಮನೆ ಇರಕೂಡದು, ನೆಂಟರು ಇರಕೂಡದು, ಭಾನುವಾರ ರಜೆ ಇರಬೇಕು. ಬ್ಯಾಂಕಿನ ಅಧಿಕಾರಿ, ಕಾಲೇಜಿನ ಉಪನ್ಯಾಸಕ, ನೀರಾವರಿ ಇಲಾಖೆಯ ಎಂಜಿನಿಯರ್, ತಾಲ್ಲೂಕು ಕಚೇರಿಯ ಗುಮಾಸ್ತ ಇವರಲ್ಲಿ ಮೂರೂ ಲಕ್ಷಣಗಳು ಸಲ್ಲುತ್ತವೆ. ಪೊಲೀಸರಲ್ಲಿ ಮೂರನೆಯದು ಸಲ್ಲದು. ಶುಕ್ರವಾರ ಸಂಜೆಯೇ ಸ್ವಂತ ಊರಿನ ಬಸ್ಸು ಹತ್ತಿ ಸೋಮವಾರ ಹನ್ನೊಂದಕ್ಕೆ ಬೆವರೊರೆಸಿಕೊಂಡು ಹಾಜರಾಗುವವನಿಗೆ ಈ ಶಾಸ್ತ್ರದಲ್ಲಿ ಸ್ಥಾನವಿಲ್ಲ. ಅವನು ಊರಿನಲ್ಲಿರುವುದು ಹಾಜರಿ ಪುಸ್ತಕದ ಮಟ್ಟಿಗೆ ಮಾತ್ರ.

ಪ್ರಸ್ತುತ ವಿವೇಚನೆಯ ಕ್ಷೇತ್ರ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು. ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯೊಳಗಿದ್ದ ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯಿತು. ಸರ್ಕಾರ ಒಂದೇ ಮನೆಗೆ ಸೇರಿಸಿತಾದರೂ ಒಲೆಗಳು ಒಂದಾಗಲಿಲ್ಲ. ಹೊನ್ನಾಳಿಯವರ ಮದುವೆ ಜವಳಿ, ದೊಡ್ಡ ಆಸ್ಪತ್ರೆ ಇಂದಿಗೂ ಬಹುಮಟ್ಟಿಗೆ ಶಿವಮೊಗ್ಗೆಯ ಕಡೆಗೇ. ಜಗಳೂರಿನವರಿಗೆ ಚಿತ್ರದುರ್ಗ ಹೊಸಿಲು ದಾಟಿದಷ್ಟು ಹತ್ತಿರ. ಹೀಗಾಗಿ ನ್ಯಾಮತಿಯ ಸಾಮಾನ್ಯ ಗೃಹಸ್ಥ ಜಗಳೂರನ್ನು ಕಂಡಿರುವುದಿಲ್ಲ, ಜಗಳೂರಿನ ಗೃಹಸ್ಥ ನ್ಯಾಮತಿಯನ್ನು ಕಂಡಿರುವುದಿಲ್ಲ. ಎರಡನ್ನೂ ಕಂಡವನು ರಾಯಚೂರಿನಿಂದ ವರ್ಗವಾಗಿ ಬಂದವನು. ಜಿಲ್ಲೆ ಎಂಬ ಪದಾರ್ಥ ನಕ್ಷೆಯ ಹೊರಗೂ ಇದೆಯೆಂಬುದಕ್ಕೆ ಈತನ ಬೈಕಿನ ಪೆಟ್ರೋಲ್ ಚೀಟಿಗಳೇ ಸಾಕ್ಷಿ. ಈ ಮೀಮಾಂಸೆಯ ಸಿದ್ಧಾಂತವೂ ಅದೇ.

ಋತುವಿಗೆ ತಕ್ಕಂತೆ ವಾರಾಂತ್ಯ ತಿರುಗುವ ವಿದ್ಯೆ ಜಪಾನಿನಲ್ಲಿ ಬಹಳ ಮುಂದುವರಿದಿದೆ. ಟೋಕಿಯೋದಲ್ಲಿ ಉದ್ಯೋಗಕ್ಕಿರುವ ಪರದೇಶಿಗಳು ವಸಂತದಲ್ಲಿ ಸಕುರಾ ಹೂವಿಗೆ, ಶರತ್ಕಾಲದಲ್ಲಿ ಕೆಂಪೆಲೆಗಳಿಗೆ, ಚಳಿಯಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ರೈಲು ಹತ್ತುತ್ತಾರೆ. ಸಕುರಾ ಮಾರ್ಚ್ ಕೊನೆಗೆ ದಕ್ಷಿಣದ ಕ್ಯೂಶೂವಿನಲ್ಲಿ ಅರಳತೊಡಗಿ ಮೇ ಹೊತ್ತಿಗೆ ಉತ್ತರದ ಹೊಕ್ಕೈಡೋ ಮುಟ್ಟುತ್ತದೆ. ಟೋಕಿಯೋದ ಯಾಸುಕುನಿ ದೇಗುಲದ ಆವರಣದಲ್ಲಿ ಗೊತ್ತುಮಾಡಿದ ಒಂದು ಮರದಲ್ಲಿ ಐದಾರು ಹೂ ಬಿರಿದರೆ ಹವಾಮಾನ ಇಲಾಖೆ ಋತು ಆರಂಭವಾಯಿತೆಂದು ಸಾರುತ್ತದೆ. ಅಲ್ಲಿನ ಹಳೆಯ ಪಂಚಾಂಗ ವರ್ಷವನ್ನು 72 ಕಿರುಋತುಗಳಾಗಿ ಸೀಳಿದೆ. ಚೀನಾದಿಂದ ಬಂದ ಈ ವಿಭಾಗವನ್ನು ಜಪಾನಿನ ಹವೆಗೆ ಒಗ್ಗಿಸಿದವನು 17ನೆಯ ಶತಮಾನದ ಜ್ಯೋತಿಷಿ ಶಿಬುಕಾವಾ ಶುಂಕೈ. ಒಂದೊಂದಕ್ಕೆ ಸುಮಾರು ಐದೇ ದಿನ.

ಇಲ್ಲೊಂದು ದೋಷವಿದೆ. ಐದು ದಿನದ ಋತು ಸೋಮವಾರ ಹುಟ್ಟಿದರೆ ಶುಕ್ರವಾರ ಸಾಯುತ್ತದೆ. ನೌಕರಿಯವನಿಗೆ ಅದು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಕನ್ನಡ ನಾಡಿನ ರೈತರ ಮಳೆನಕ್ಷತ್ರಗಳ ಲೆಕ್ಕ ಈ ದೃಷ್ಟಿಯಿಂದ ಶ್ರೇಷ್ಠ. 27 ನಕ್ಷತ್ರಗಳಲ್ಲಿ ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ ಸಿಗುವುದರಿಂದ ಪ್ರತಿ ನಕ್ಷತ್ರಕ್ಕೂ ಸಾಮಾನ್ಯವಾಗಿ ಎರಡು ಭಾನುವಾರ ದಕ್ಕುತ್ತವೆ. ಮೊದಲನೆಯದು ಹೋಗೋಣವೇ ಎಂದು ಯೋಚಿಸುವುದಕ್ಕೆ, ಎರಡನೆಯದು ಹೋಗುವುದಕ್ಕೆ. ಪೂರ್ವಿಕರು ವರ್ಗಾಗತನನ್ನು ಮನಸ್ಸಿನಲ್ಲಿಟ್ಟುಕೊಂಡೇ ಪಂಚಾಂಗ ರಚಿಸಿದರೆಂದು ಹೇಳುವುದಕ್ಕೆ ಆಧಾರವಿಲ್ಲ, ಅಲ್ಲಗಳೆಯುವುದಕ್ಕೂ ಇಲ್ಲ.

ಈ ಕ್ಷೇತ್ರದಲ್ಲಿ ಸಂಚಾರದ ಇತಿಹಾಸ ದೀರ್ಘವಾದದ್ದು. ಬೆಂಗಳೂರನ್ನು ಜಹಗೀರಾಗಿ ಪಡೆದು ಬಂದಿದ್ದ ಶಹಾಜಿ ಭೋಂಸ್ಲೆ, ಶಿವಾಜಿಯ ತಂದೆ, 1664ರ ಜನವರಿಯಲ್ಲಿ ಚನ್ನಗಿರಿ ಸಮೀಪದ ಹೊದಿಗೆರೆಯಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ತೀರಿಕೊಂಡ. ಪರಸ್ಥಳದ ಹುದ್ದೆಯಲ್ಲಿದ್ದು, ವಿಹಾರಕ್ಕೆ ಹೊರಟು, ವಾಹನದಿಂದ ಬಿದ್ದವರ ಪೈಕಿ ಸಮಾಧಿ ಪಡೆದವನು ಇವನೊಬ್ಬನೇ. ಮಿಕ್ಕವರಿಗೆ ಮಂಡಿಗೆ ಪಟ್ಟಿ ದೊರೆತಿದೆ. ಸಮಾಧಿ ಇಂದಿಗೂ ಹೊದಿಗೆರೆಯಲ್ಲಿದೆ. ಮಹಾರಾಷ್ಟ್ರದವರು ಹುಡುಕಿಕೊಂಡು ಬರುತ್ತಾರೆ, ಚನ್ನಗಿರಿಯವರು ದಾರಿ ತೋರಿಸುತ್ತಾರೆ.

ಎರಡನೆಯವನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ಚನ್ನಗಿರಿಯಲ್ಲಿ ಹುಟ್ಟಿದ ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಹೊಳೆ ಏರುವ ಕಾಲದಲ್ಲಿ ಹೊರಡಬಾರದೆಂದು ಆತನಿಗೆ ಹೇಳುವ ಜವಾನ ಯಾರೂ ಇರಲಿಲ್ಲವೆಂದು ತೋರುತ್ತದೆ. ಮರುವರ್ಷ ಫ್ರಾನ್ಸಿಸ್ ಬುಕಾನನ್ ಬೆಳೆ, ಬೆಲೆ, ಮಣ್ಣು, ದನಗಳ ವಿಚಾರ ಕೇಳಿಕೊಂಡು ಹರಿಹರ, ದಾವಣಗೆರೆ ಮಾರ್ಗವಾಗಿ ಸಾಗಿದ. ಅವನನ್ನು ಕಳುಹಿಸಿದವನು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಆರ್ಥರನ ಅಣ್ಣ. ತಮ್ಮ ಫಿರಂಗಿ ತಂದ, ಅಣ್ಣ ಪ್ರಶ್ನಾವಳಿ ಕಳುಹಿಸಿದ; ಸರ್ಕಾರಗಳು ಈ ಕ್ರಮವನ್ನು ಬಿಟ್ಟಿಲ್ಲ. ಆಮೇಲೆ ಬಿ. ಎಲ್. ರೈಸ್ ಶಾಸನಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಪ್ರಕಟಿಸಿದ. ಹೊನ್ನಾಳಿ, ಚನ್ನಗಿರಿಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಜಗಳೂರಿನವು 1903ರ ಹನ್ನೊಂದನೆಯದರಲ್ಲಿ. ಜಗಳೂರು ಆಗಲೂ ಬೇರೆ ಕಪಾಟಿನಲ್ಲೇ ಇತ್ತೆಂಬುದು ಗಮನಾರ್ಹ.

ಎಲ್ಲಿಗೆ ಹೋಗಬೇಕೆಂಬ ಜ್ಞಾನ ವರ್ಗಾಗತನಿಗೆ ಹೇಗೆ ಉಂಟಾಗುತ್ತದೆ? ತಾರ್ಕಿಕರ ಪ್ರಮಾಣಗಳೆಲ್ಲ ಇಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ಶಬ್ದ ಪ್ರಮಾಣ ಮೊದಲೇ ಸೋಲುತ್ತದೆ. ನೋಡತಕ್ಕದ್ದು ಏನಿದೆಯೆಂದು ಸ್ಥಳೀಯ ಸಹೋದ್ಯೋಗಿಯನ್ನು ಕೇಳಿದರೆ ಬರುವ ಉತ್ತರ ನಾಲ್ಕು ತಾಲ್ಲೂಕುಗಳಲ್ಲೂ ಒಂದೇ: ‘ಅಲ್ಲೇನೈತ್ರಿ ಸಾರ್ ನೋಡಾಕೆ?’ ಇದು ಪ್ರಶ್ನೆಯ ರೂಪದಲ್ಲಿರುವ ನಿರ್ಣಯ. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಯಾದ ಸೂಳೆಕೆರೆಯ ಏರಿಯ ಮೇಲೆ ನಿಂತು ಕೇಳಿದರೂ ಇದೇ ಉತ್ತರ ಬರುತ್ತದೆ. ಪ್ರತ್ಯಕ್ಷ ಪ್ರಮಾಣಕ್ಕೆ ಹೋಗಿ ನೋಡಬೇಕಾಗುವುದರಿಂದ ಹೋಗುವ ಮೊದಲು ಅದು ಒದಗದು. ಉಳಿದದ್ದು ಅನುಮಾನ: ಭಾನುವಾರ ಬೆಳಿಗ್ಗೆ ಸಂತೇಬೆನ್ನೂರು ಬಸ್ಸಿನಲ್ಲಿ ಕ್ಯಾಮೆರಾ ಹಿಡಿದ ಹುಡುಗರು ಕಂಡರೆ ಅಲ್ಲಿ ಏನೋ ಇದೆಯೆಂದು ಊಹಿಸಬೇಕು. ಇತ್ತೀಚಿನವರು ವಾಟ್ಸ್‌ಆ್ಯಪ್ ಪ್ರಮಾಣವನ್ನೂ ಒಪ್ಪುತ್ತಾರೆ. ಅದರ ಪ್ರಕಾರ ಕೆರೆ ಕೋಡಿ ಬಿದ್ದ ಚಿತ್ರ ಪ್ರತಿವರ್ಷ ಬರುತ್ತದೆ, ಕೋಡಿ ಬೀಳದ ವರ್ಷವೂ ಬರುತ್ತದೆ.

ವರ್ಗಾಗತನ ವರ್ಷ ಮೃಗಶಿರಾ ಮಳೆಗೆ ಆರಂಭವಾಗುತ್ತದೆ. ಜಪಾನಿನ ಗೊತ್ತಾದ ಮರಕ್ಕೆ ಇಲ್ಲಿ ಸಮನಾದದ್ದು ಗಾಜನೂರಿನ ತುಂಗಾ ಅಣೆಕಟ್ಟೆಯ ಗೇಟು. ಗೇಟು ತೆರೆದ ಸುದ್ದಿ ಪತ್ರಿಕೆಯಲ್ಲಿ ಬಂತೆಂದರೆ ಹೊನ್ನಾಳಿ ಸೇತುವೆಯ ಋತು ಘೋಷಣೆಯಾದಂತೆ. ಕೂಡಲಿಯಲ್ಲಿ ತುಂಗೆ, ಭದ್ರೆ ಒಂದಾಗಿ ಇತ್ತ ಬರುವ ಕೆಂಪು ನೀರನ್ನು ನೋಡಲು ಜನ ಕಟಕಟೆ ಹಿಡಿದು ನಿಲ್ಲುತ್ತಾರೆ. ನೋಡುವ ವಿಧಾನವೂ ಗೊತ್ತಾದದ್ದು: ಮೊದಲು ‘ಇದೇನೂ ಅಲ್ಲ’ ಎನ್ನುವುದು, ಬಳಿಕ ಹಿಂದಿನ ಯಾವುದಾದರೂ ವರ್ಷದ ಪ್ರವಾಹವನ್ನು ಹೊಗಳುವುದು, ಕೊನೆಗೆ ಮೆಣಸಿನಕಾಯಿ ಮಂಡಕ್ಕಿ ತಿನ್ನುವುದು. ತುಂಗಭದ್ರೆಯ ದಡದ ರಾಘವೇಂದ್ರ ಮಠಕ್ಕೆ ಹೋಗುವವರು ಕ್ರಮ ಬದಲಿಸಿ ಮಂಡಕ್ಕಿಯನ್ನು ಮುಂದೂಡುತ್ತಾರೆ. ಇದೇ ವಾರಗಳಲ್ಲಿ ಜಗಳೂರಿನ ವರ್ಗಾಗತ ಆಕಾಶ ನೋಡುತ್ತ ಕೂತಿರುತ್ತಾನೆ. ನೀರು ನೋಡಲು ಜಗಳೂರಿನಿಂದ ಹೊನ್ನಾಳಿಗೆ ಬರುವವರುಂಟು. ಮೋಡ ನೋಡಲು ಹೊನ್ನಾಳಿಯಿಂದ ಜಗಳೂರಿಗೆ ಹೋದವರಿಲ್ಲ.

ಹುಬ್ಬ, ಉತ್ತರ ಕಳೆದು ಹಸ್ತ, ಚಿತ್ತದ ಹೊತ್ತಿಗೆ ಚನ್ನಗಿರಿ ತಾಲ್ಲೂಕಿನ ಸರದಿ. ಕಡತದಲ್ಲಿ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ; ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ತಡೆದು ಶತಮಾನಗಳ ಹಿಂದೆ ಕಟ್ಟಿದ್ದು. ಏರಿಯ ಬಳಿ ಸಿದ್ಧೇಶ್ವರನ ಗುಡಿ. ಈ ಕೆರೆಯ ಬಗ್ಗೆ ಪಂಡಿತ ಪಾಮರರೆಲ್ಲ ಒಪ್ಪಿದ ಮಾತು ‘ಏಷ್ಯಾದಲ್ಲೇ ಎರಡನೆಯದು’. ಇಲ್ಲಿ ಪೂರ್ವಪಕ್ಷಿ ಎದ್ದು ಕೇಳುತ್ತಾನೆ: ಹಾಗಾದರೆ ಮೊದಲನೆಯದು ಯಾವುದು? ಏರಿಯ ಮೇಲೆ ಮೌನ. ಸಿದ್ಧಾಂತಿಯ ಸಮಾಧಾನ ಹೀಗಿದೆ: ಎರಡನೆಯ ಸ್ಥಾನ ವಿವಾದವಿಲ್ಲದ್ದು, ಮೊದಲನೆಯದೆಂದರೆ ಬೇರೆ ಊರಿನವರು ಜಗಳಕ್ಕೆ ಬರುತ್ತಾರೆ, ಎರಡನೆಯದೆಂದರೆ ಯಾರೂ ಬರುವುದಿಲ್ಲ. ಹಳೆಯ ಗೆಜೆಟಿಯರುಗಳು ಇದರ ಸುತ್ತಳತೆಯನ್ನು 40 ಮೈಲಿ ಎಂದವು, ಈಗಿನವರು ಸುಮಾರು 30 ಕಿಲೋಮೀಟರ್ ಎನ್ನುತ್ತಾರೆ. ಕೆರೆ ಕುಗ್ಗಿತೋ, ಅಂದಿನ ಸಾಹೇಬರ ಕುದುರೆ ದಾರಿ ತಪ್ಪಿತೋ ಎಂಬ ಚರ್ಚೆಗೆ ಇಳಿಯುವ ಬದಲು ನಡೆದೇ ಅಳೆಯಬಹುದಿತ್ತು. ಬೆಳಿಗ್ಗೆಯೇ ಹೊರಟರೆ ಸಂಜೆಗೆ ಮುಗಿದೀತು. ಮಧ್ಯಾಹ್ನದ ಊಟದ ಹೊತ್ತಿಗೆ ವರ್ಗಾಗತ ಎಲ್ಲಿರುತ್ತಾನೆಂಬ ತೊಡಕಿನಿಂದ ಸಂಶೋಧನೆ ನಿಂತಿದೆ.

ಸಂತೇಬೆನ್ನೂರಿನ ಪುಷ್ಕರಣಿ ಈ ಕ್ಷೇತ್ರದ ಅತ್ಯಂತ ಸುಂದರ ವಸ್ತು. ಇಲ್ಲಿ ಅಣಕಕ್ಕೆ ಎಡೆಯಿಲ್ಲ. ಕೆಂಗ ಹನುಮಂತಪ್ಪ ನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದ ಕೊಳ, ನಡುನೀರಿನಲ್ಲಿ ವಸಂತ ಮಂಟಪ, ಸುತ್ತ ಮೆಟ್ಟಿಲು, ನೀರಿನಲ್ಲಿ ಮೀನು. ದಡದ ಮೇಲೆ ಮುಸಾಫಿರ್‌ಖಾನೆ. ಪಯಣಿಗನಿಗೂ ಒಂದು ಕಟ್ಟಡ ಬೇಕೆಂದು ಯೋಚಿಸಿದವರು ಈ ಸೀಮೆಯಲ್ಲಿ ಇದ್ದರೆನ್ನುವುದಕ್ಕೆ ಇದೊಂದು ಉಳಿದ ಗುರುತು. ಇಂದಿನ ವರ್ಗಾಗತನಿಗೆ ಬಾಡಿಗೆ ಮನೆಯ ಮುಂಗಡವಾಗಿ ಹತ್ತು ತಿಂಗಳದ್ದು ಕೇಳುತ್ತಾರೆ.

ಚನ್ನಗಿರಿಯ ಕೋಟೆಗುಡ್ಡವನ್ನು ಬೆಳಗಿನ ಹೊತ್ತು ಹತ್ತುವುದು ಉತ್ತಮ. ಮೇಲೆ ರಂಗನಾಥನ ಗುಡಿ, ಹೊಂಡ, ಕೆಳಗೆ ಕಣ್ಣು ಹಾಯುವಷ್ಟು ದೂರ ಅಡಿಕೆ ತೋಟ. ಕೊಯ್ಲಿನ ಕಾಲವಾದರೆ ಸುಲಿಯುವ, ಬೇಯಿಸುವ, ಒಣಹಾಕುವ ಕೆಲಸದಿಂದ ಇಡೀ ತಾಲ್ಲೂಕಿಗೆ ಅಡಿಕೆ ಚೊಗರಿನ ವಾಸನೆ ಬಂದಿರುತ್ತದೆ. ಆಗ ಯಾರನ್ನು ಏನು ಕೇಳಿದರೂ ರಾಶಿ ಅಡಿಕೆಯ ಧಾರಣೆಯೇ ಉತ್ತರ. ಕೋಟೆ ಕಟ್ಟಿಸಿದವರು ಯಾರೆಂದು ಕೇಳಿ ಕ್ವಿಂಟಾಲಿನ ಬೆಲೆ ತಿಳಿದುಕೊಂಡು ಇಳಿದು ಬಂದವರು ಅನೇಕರು.

ದೀಪಾವಳಿಯ ನಂತರ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಆಟ. ವರ್ಗಾಗತ ಇಲ್ಲಿ ಮಾಳಿಗೆಯ ಮೇಲಿನಿಂದ ಮಾತ್ರ ಸಂಶೋಧನೆ ನಡೆಸತಕ್ಕದ್ದು. ಕಾರ್ತಿಕದಲ್ಲಿ ಬೆಳಗುತ್ತಿ ಬಳಿಯ ತೀರ್ಥರಾಮೇಶ್ವರ. ಗುಡ್ಡದ ನಡುವೆ ವರ್ಷವಿಡೀ ಹರಿಯುವ ಬುಗ್ಗೆ, ಕಾಶಿಯಿಂದಲೇ ಬರುವ ನೀರೆಂದು ಭಕ್ತರ ನಂಬಿಕೆ. ನೀರಾವರಿ ಎಂಜಿನಿಯರುಗಳು ಸಹ ಈ ಮಾರ್ಗದ ಅಂದಾಜುಪಟ್ಟಿ ಕೇಳದೆ ತೀರ್ಥ ತೆಗೆದುಕೊಳ್ಳುತ್ತಾರೆ. ಫೆಬ್ರವರಿ 15ಕ್ಕೆ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ. 1739ರಲ್ಲಿ ಅವರು ಹುಟ್ಟಿದರೆಂದು ಲಂಬಾಣಿಗರು ನಂಬುವ ಈ ಊರಿಗೆ ಹೊರರಾಜ್ಯಗಳಿಂದಲೂ ಮಾಲಾಧಾರಿಗಳು ಬರುತ್ತಾರೆ. ಸ್ಥಳೀಯರಿಗಿಂತ ಪರಸ್ಥಳದವರು ಹೆಚ್ಚಿರುವ ಆ ದಿನಗಳಲ್ಲಿ ವರ್ಗಾಗತನಿಗೆ ತಾನೊಬ್ಬ ಸ್ಥಳೀಯನೆಂಬ ಭ್ರಮೆ ಉಂಟಾಗಿ, ಕೇಳಿದವರಿಗೆಲ್ಲ ದಾರಿ ಹೇಳುತ್ತಾನೆ. ಅರ್ಧದಷ್ಟು ಸರಿಯಾಗಿರುತ್ತದೆ.

ವರ್ಷದ ಕೊನೆಯ ಪಾಲು ಜಗಳೂರಿನದು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿ ವನ್ಯಜೀವಿ ಧಾಮವಾಯಿತು, ವಿಸ್ತೀರ್ಣ 77 ಚದರ ಕಿಲೋಮೀಟರಿಗೆ ತುಸು ಹೆಚ್ಚು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಜಗತ್ತಿನ ಬೇರೆ ಯಾವ ಕಾಡುಪ್ರಾಣಿಗೂ ಇಲ್ಲದ ಭಾಗ್ಯ. ನಾಚಿಕೆಯ, ಒಂಟಿಯಾಗಿ ತಿರುಗುವ ಪ್ರಾಣಿಯಾದ್ದರಿಂದ ಹೋದವರೆಲ್ಲರೂ ಅನುಪಲಬ್ಧಿ ಪ್ರಮಾಣದಿಂದ, ಅಂದರೆ ಕಾಣದಿರುವುದರಿಂದಲೇ, ಅದನ್ನು ತಿಳಿದುಕೊಂಡು ಬರುತ್ತಾರೆ. ಆದರೆ ಮಾಘ, ಫಾಲ್ಗುಣಗಳಲ್ಲಿ ಎಲೆ ಉದುರಿದ ಮುತ್ತುಗದ ಮರ ಮೈತುಂಬ ಕೆಂಪು ಹೂ ಬಿಟ್ಟಿರುತ್ತದೆ, ಯುಗಾದಿಯ ಆಚೀಚೆ ಹೊಂಗೆಯ ಹೂ ರಸ್ತೆಗೆ ಹಾಸಿರುತ್ತದೆ. ಇದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯಿಲ್ಲ, ವಿಶೇಷ ರೈಲಿಲ್ಲ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವೇ ಇಲ್ಲವಾದ್ದರಿಂದ ವಿಶೇಷ ರೈಲಿನ ಪ್ರಶ್ನೆ ಏಳುವುದಿಲ್ಲ. ಹೊಂಗೆಯ ನೆರಳಿನಲ್ಲಿ ಚಾಪೆ ಹಾಸಿ ಕೂತವರು ಹೂ ನೋಡಲು ಬಂದವರಲ್ಲ, ಬಸ್ಸಿಗೆ ಕಾಯುವವರು.

ಬೇಸಿಗೆಯ ಬಿಸಿಲಿಗೆ ಹೆದರಿ ವರ್ಗಾಗತರು ಜಗಳೂರನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಮೇ ತಿಂಗಳ ಸಾರ್ವತ್ರಿಕ ವರ್ಗಾವಣೆಯ ಆದೇಶ ಬರುತ್ತದೆ. ಮೂರು ತಾಲ್ಲೂಕು ನೋಡಿ ಜಿಲ್ಲೆ ಮುಗಿಸಿದೆವೆಂದು ಹೇಳಿಕೊಂಡು ಹೋಗುವವರ ಸಂಖ್ಯೆ ಇದರಿಂದಲೇ ದೊಡ್ಡದು. ಆದ್ದರಿಂದ ಹೊಸದಾಗಿ ವರದಿ ಮಾಡಿಕೊಂಡವರು ಮೊದಲ ಭಾನುವಾರವೇ ಜಗಳೂರಿಗೆ ಹೋಗತಕ್ಕದ್ದು. ಹೊನ್ನಾಳಿಯ ಹೊಳೆ ಆಗಸ್ಟಿನವರೆಗೂ ತುಂಬಿಯೇ ಇರುತ್ತದೆ. ರಂಗಯ್ಯನದುರ್ಗಕ್ಕೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯೂ ಎರಡು ಬಾಟಲಿ ನೀರೂ ಜೊತೆಗಿರಲಿ, ದಾರಿಯಲ್ಲಿ ಹೋಟೆಲು ಕಡಿಮೆ.